ಹೆಸರು ಕೊಟ್ಟಾಯಿತು, ಈಗ ಪಾದ ನೋಡಿಕೊಳ್ಳಿ

ಕ್ಯಾನ್ಸರ್‌ನಿಂದ ಚೇತರಿಸಿಕೊಂಡು, ಬೇರೆ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸಲು ದೂರದ ನಡಿಗೆಗೆ ಹೆಸರು ಕೊಟ್ಟಿದ್ದೀರಾ? ದೊಡ್ಡ ಮನಸ್ಸು ನಿಮ್ಮದು. ಮೊದಲು ನಿಮ್ಮ ವೈದ್ಯರನ್ನು ಕೇಳಿ, ರಕ್ತಹೀನತೆ ಇದೆಯೇ ನೋಡಿಸಿಕೊಂಡು, ಹತ್ತು ನಿಮಿಷದಿಂದ ಶುರುಮಾಡಿ. 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನಲ್ಲಿ ಕೆನಡಾದಲ್ಲಿ 143 ದಿನ ಓಡಿದ ಟೆರ್ರಿ ಫಾಕ್ಸ್ ಕೂಡ ಅದಕ್ಕೆ ಮುನ್ನ ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿದ್ದರು.

ನನಗೆ ಹೆಚ್ಚು ಚಿಂತೆ ನಿಮ್ಮ ಪಾದಗಳದ್ದು. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧ ಪಡೆದವರಿಗೆ ಪಾದ ಜೋಮು ಹಿಡಿದಂತಿರಬಹುದು. ಬೊಬ್ಬೆ ಎದ್ದರೂ ಗೊತ್ತಾಗದು. ಪ್ರತಿ ಸಂಜೆ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮನೆಯವರಿಗೆ ತೋರಿಸಿ, ಸಂಕೋಚ ಬೇಡ. ಸ್ತನ ಕ್ಯಾನ್ಸರ್‌ಗೆಂದು ಕಂಕುಳ ಗ್ರಂಥಿ ತೆಗೆಸಿದ್ದರೆ ಆ ಬದಿಯ ಹೆಗಲಿಗೆ ಭಾರದ ಚೀಲ ಹಾಕಬೇಡಿ. ಜ್ವರ, ಏದುಸಿರು ಕಂಡ ದಿನ ನಡಿಗೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ.