ಇಂಗ್ಲಿಷ್ ಸಮಾಸಗಳೂ ಅವುಗಳ ಕಿರುಗೆರೆಯೂ

ಸಂಧಿಯಿಂದಲೂ ಸಮಾಸದಿಂದಲೂ ಪದಗಳನ್ನು ಒಂದರೊಳಗೊಂದು ಬೆಸೆದು ಬರೆಯುವ ಅಭ್ಯಾಸವುಳ್ಳ ನಮಗೆ, ಕೂಡಿಸಿಯೂ ಕೂಡಿಸದಂತೆ ಎರಡು ಪದಗಳ ನಡುವೆ ಗೆರೆಯೊಂದನ್ನು ಎಳೆದು ನಿಲ್ಲಿಸುವ ಇಂಗ್ಲಿಷಿನ ಪದ್ಧತಿಯು ವಿಚಿತ್ರವಾಗಿ ತೋರುವುದು ಸಹಜವೇ. 'ನರಭಕ್ಷಕ ವ್ಯಾಘ್ರ'ವೆಂದಾಗ ಯಾರು ಯಾರನ್ನು ಭಕ್ಷಿಸುವರೆಂಬ ಸಂದೇಹಕ್ಕೆ ಎಡೆಯಿಲ್ಲ. ಆದರೆ 'ಮ್ಯಾನ್ ಈಟಿಂಗ್ ಟೈಗರ್' ಎಂದು ಬಿಡಿಬಿಡಿಯಾಗಿ ಬರೆದರೆ, ಹುಲಿಯ ಮಾಂಸವನ್ನು ಸವಿಯುತ್ತಿರುವ ಮನುಷ್ಯನೊಬ್ಬನು ಕಣ್ಮುಂದೆ ಬಂದು ಕುಳಿತುಬಿಡುತ್ತಾನೆ. 'ಮ್ಯಾನ್-ಈಟಿಂಗ್' ಎಂದು ಗೆರೆಯೆಳೆದೊಡನೆಯೇ ಹುಲಿಯು ತನ್ನ ಸ್ವಭಾವಕ್ಕೆ ಮರಳುತ್ತದೆ. ಗ್ರೀಕಿನಲ್ಲಿ 'ಒಂದರ ಅಡಿಯಲ್ಲಿ' ಎಂಬರ್ಥವುಳ್ಳ ಮಾತಿನಿಂದ ಹುಟ್ಟಿದ ಹೈಫನ್ನಿನ ಮುಖ್ಯ ಕಾರ್ಯವು ಇದೇ.

ಆದಕಾರಣ ಬರೆಯುವವನು ಮೊದಲು ಮಾಡತಕ್ಕದ್ದು, ಶಾಲೆಯಲ್ಲಿ ಕಲಿತಂತೆ ವಿಗ್ರಹವಾಕ್ಯವನ್ನು ಹೇಳಿಕೊಳ್ಳುವುದು. 'ಬಿಗ್ ರೆಡ್ ಬಸ್' ಎಂಬಲ್ಲಿ ಬಸ್ಸು ದೊಡ್ಡದೂ ಹೌದು, ಕೆಂಪೂ ಹೌದು, ಗೆರೆ ಬೇಕಿಲ್ಲ. 'ಲಾಂಗ್-ಟರ್ಮ್ ಲೋನ್' ಎಂಬಲ್ಲಿಯಾದರೋ ದೀರ್ಘವಾದುದು ಸಾಲವಲ್ಲ, ಅದರ ಅವಧಿ. ಎರಡು ಪದಗಳು ಮೊದಲು ತಮ್ಮೊಳಗೆ ಕೂಡಿಕೊಂಡು ಆಮೇಲೆ ನಾಮಪದವನ್ನು ಸೇರುವುದರಿಂದ ಗೆರೆ ಅವಶ್ಯ.

ಬಳಿಕ ಸ್ಥಾನವನ್ನು ನೋಡಬೇಕು. ನಾಮಪದದ ಮುಂಚೆ ಬಂದಾಗ 'ವೆಲ್-ನೋನ್ ಆಥರ್'. ಕ್ರಿಯಾಪದದ ಆಚೆಗೆ ಸರಿದಾಗ 'ದಿ ಆಥರ್ ಈಸ್ ವೆಲ್ ನೋನ್', ಗೆರೆಯಿಲ್ಲದೆ. 'ಹೈಲಿ ಎಜುಕೇಟೆಡ್' ಮೊದಲಾದ, 'ಲಿ' ಪ್ರತ್ಯಯಾಂತವಾದ ಕ್ರಿಯಾವಿಶೇಷಣಗಳ ಮುಂದೆ ಎಲ್ಲಿಯೂ ಗೆರೆ ಸಲ್ಲದು. ಸಂಬಂಧವನ್ನು ಆ ಪ್ರತ್ಯಯವೇ ಸಾರುತ್ತದೆ.

ನಮ್ಮವರು ಹೆಚ್ಚಾಗಿ ಎಡವುವುದು ವಯಸ್ಸಿನಲ್ಲಿ. 'ಟೆನ್-ಇಯರ್-ಓಲ್ಡ್ ಬಾಯ್' ಎಂಬಲ್ಲಿ ಗೆರೆಗಳು ಎರಡು, 'ಇಯರ್' ಏಕವಚನ. 'ಹಿ ಈಸ್ ಟೆನ್ ಇಯರ್ಸ್ ಓಲ್ಡ್' ಎಂದಾಗ ಗೆರೆಗಳು ಮಾಯವಾಗಿ ಬಹುವಚನವು ಬರುತ್ತದೆ. ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯುವಾಗ 21ರಿಂದ 99ರವರೆಗಿನ ಜೋಡಿಪದಗಳಿಗೆ ಗೆರೆಯುಂಟು: 'ಟ್ವೆಂಟಿ-ಒನ್'. 'ಮದರ್-ಇನ್-ಲಾ' ಎಂಬುದು 'ಮದರ್ಸ್-ಇನ್-ಲಾ' ಆಗುವುದು. ಬಹುವಚನವು ಅತ್ತೆಗೇ ಹೊರತು ಕಾನೂನಿಗಲ್ಲ.

ಉಪಸರ್ಗಗಳಲ್ಲಿ 'ಎಕ್ಸ್', 'ಸೆಲ್ಫ್' ಎಂಬುವು ಸಾಮಾನ್ಯವಾಗಿ ಗೆರೆಯನ್ನು ಬಯಸುತ್ತವೆ. ಅಂಕಿತನಾಮದ ಹಿಂದೆ ಬರುವ 'ಆ್ಯಂಟಿ-ಬ್ರಿಟಿಷ್' ಮುಂತಾದುವೂ ಹಾಗೆಯೇ. 'ರಿ' ಎಂಬುದಕ್ಕೆ ಅದು ಸಾಧಾರಣವಾಗಿ ಬೇಡವಾದರೂ ಅರ್ಥಭೇದವಿದ್ದಲ್ಲಿ ಬೇಕೇಬೇಕು: ಒಪ್ಪಂದಕ್ಕೆ ಪುನಃ ಸಹಿ ಹಾಕುವೆನೆಂದು 'ರಿ-ಸೈನ್' ಬರೆಯಹೊರಟವನು ಗೆರೆಯನ್ನು ಮರೆತರೆ ರಾಜೀನಾಮೆಯನ್ನೇ ಕೊಟ್ಟಂತಾದೀತು. ಗೆರೆಯ ಅಕ್ಕಪಕ್ಕ ತೆರಪು ಬಿಡಕೂಡದು. ತುಸು ಉದ್ದವಾದ ಡ್ಯಾಶ್ ಬೇರೆಯದೇ ಚಿಹ್ನೆ.

ಇಷ್ಟೆಲ್ಲ ತಿಳಿದ ಮೇಲೂ ನಿಘಂಟನ್ನು ನೋಡದೆ ಗತ್ಯಂತರವಿಲ್ಲ, ಅದರಲ್ಲಿಯೂ ಹೊಸ ಮುದ್ರಣವನ್ನು. ನಮ್ಮ ಅಜ್ಜಂದಿರು ಓದಿದ ಪುಸ್ತಕಗಳಲ್ಲಿ 'ಟು-ಡೇ' ಎಂದಿದ್ದುದು ಈಗ ಒಂದೇ ಪದ. 2007ರಲ್ಲಿ ಹೊರಬಂದ 'ಶಾರ್ಟರ್ ಆಕ್ಸ್‌ಫರ್ಡ್' ನಿಘಂಟಿನ ಆರನೆಯ ಆವೃತ್ತಿಯು ಸುಮಾರು 16,000 ಪದಗಳ ಗೆರೆಯನ್ನು ಅಳಿಸಿಹಾಕಿತು. 'ಐಸ್ ಕ್ರೀಮ್' ಎರಡಾಗಿ ಬೇರ್ಪಟ್ಟಿತು, 'ಬಂಬಲ್‌ಬೀ' ಒಂದಾಗಿ ಕೂಡಿಕೊಂಡಿತು.