ಕಣ್ಣು ಕುಕ್ಕುವ ಸ್ವಿಚ್ಚಿಗೊಂದು ಮದ್ದು

ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಈ ದಾರಿಯಲ್ಲಿ ರಾತ್ರಿ ಕಾರು ಓಡಿಸುವವರು ಗಮನಿಸಬೇಕಾದ್ದು ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಮತ್ತು ಎತ್ತಿನ ಬಂಡಿಗಳನ್ನು. ಹಳೆಯ ಕಾರಿನಲ್ಲಿ ಮಾತ್ರ ಕಣ್ಣು ಪದೇ ಪದೇ ಹೋಗುವುದು ಎ.ಸಿ. ಗುಂಡಿಯ ಝಗಮಗ ನೀಲಿ ಬೆಳಕಿಗೆ.

ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಪುಟ್ಟ ದೀಪವೊಂದು ಸಾಕು. ಅದರಲ್ಲೂ ನೀಲಿ ಬೆಳಕು ಹೆಚ್ಚು ಕಾಡುತ್ತದೆ.

ಮೊದಲು ಡಿಮ್ಮರ್ ಹುಡುಕಿ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ ಪುಟ್ಟ ಚಕ್ರವಿರುತ್ತದೆ, ಮಾಲೀಕರಿಗೇ ಅದರ ನೆನಪಿರುವುದಿಲ್ಲ! ತಿರುಗಿಸಿದರೂ ಬೆಳಕು ತಗ್ಗದಿದ್ದರೆ, ಹಿಂದಿನ ಮಾಲೀಕರು ಅಂದಕ್ಕೆಂದು ಎಲ್‌ಇಡಿ ಹಾಕಿಸಿರಬಹುದು. ಹಳೆಯ ಡಿಮ್ಮರಿನ ಮಾತನ್ನು ಎಲ್‌ಇಡಿಗಳು ಅಷ್ಟಾಗಿ ಕೇಳುವುದಿಲ್ಲ. ಅವನ್ನು ತೆಗೆದು ಸಾದಾ ಬಲ್ಬು ಹಾಕಿ. ಹಲವು ಹಳೆಯ ಕಾರುಗಳ ಸ್ವಿಚ್ಚಿಗೆ 12 ವೋಲ್ಟಿನ, 1.2 ವಾಟಿನ ಟಿ5 ಬಲ್ಬು ಹೊಂದುತ್ತದೆ. ಹಳೆಯದನ್ನು ತೋರಿಸಿ ಅದೇ ಅಳತೆಯದನ್ನು ತರುವುದು ಜಾಣತನ. ಹೆಚ್ಚು ವಾಟಿನದು ಬೇಡ, ಪ್ಲಾಸ್ಟಿಕ್ ಕರಗೀತು.

ಬಲ್ಬು ಬದಲಿಸಲು ಸ್ವಿಚ್ಚು ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿದರೆ ಗೀರು ಬೀಳದು. ಬಿಸಿಲಿಗೆ ಒಣಗಿದ ಹಳೆಯ ಕ್ಲಿಪ್‌ಗಳು ಪಟಕ್ಕನೆ ಮುರಿಯುತ್ತವೆ, ಆತುರ ಬೇಡ. ಏರ್‌ಬ್ಯಾಗ್ ಇರುವ ಕಾರಾದರೆ ಮೆಕ್ಯಾನಿಕ್ಕಿಗೇ ಬಿಡಿ.

ಇಷ್ಟೆಲ್ಲ ರಗಳೆ ಬೇಡವೆನ್ನುವವರು ಬೆಳಕು ತಗ್ಗಿಸುವ ಪಾರದರ್ಶಕ ಕಪ್ಪು ಸ್ಟಿಕ್ಕರ್ ಅಂಟಿಸಬಹುದು. ಆಯಿಲ್, ಬ್ರೇಕ್, ಬ್ಯಾಟರಿಯ ಎಚ್ಚರಿಕೆ ದೀಪಗಳಿಗೆ ಮಾತ್ರ ಏನನ್ನೂ ಅಂಟಿಸಬೇಡಿ.