ಲಯಕ್ಕೊಂದು ವಿದ್ಯಾಪೀಠ: ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ

ಚರ್ಮ ಬಿಗಿದ ವಾದ್ಯಗಳನ್ನು ಭರತಮುನಿಯು ಅವನದ್ಧವೆಂದು ಕರೆದು, ನಾಟ್ಯಶಾಸ್ತ್ರದಲ್ಲಿ ಅವುಗಳಿಗೆ ಸುದೀರ್ಘವಾದ ಅಧ್ಯಾಯವೊಂದನ್ನೇ ಮೀಸಲಿರಿಸಿದ್ದಾನೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುದೇವರು ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸಿದವರು. ಶರಣ ಢಕ್ಕೆಯ ಬೊಮ್ಮಣ್ಣನಿಗಂತೂ ವಾದ್ಯವೇ ಹೆಸರಿನ ಭಾಗವಾಯಿತು. ಇಷ್ಟಿದ್ದರೂ ಸಂಗೀತ ಕಚೇರಿಯಲ್ಲಿ ತಾಳವಾದ್ಯಗಾರನಿಗೆ ದೊರೆತುದು ಪಕ್ಕವಾದ್ಯದ ಸ್ಥಾನ. ತನಿಯಾವರ್ತನ ಮೊದಲಾಯಿತೆಂದರೆ ಕಾಫಿಗೆ ಏಳುವ ರಸಿಕರು ಇಂದಿಗೂ ಉಂಟು!

ಈ ಉಪೇಕ್ಷೆಯನ್ನು ವಾದದಿಂದಲ್ಲದೆ ಕಾರ್ಯದಿಂದ ತಿದ್ದಹೊರಟವರು ಟಿ.ಎ.ಎಸ್. ಮಣಿಯವರು. 1964ರಲ್ಲಿ ಅವರು ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಾಡುಗಾರಿಕೆಗೆ ಶಾಲೆಗಳು ಅನೇಕವಿದ್ದುವು. ಲಯವನ್ನೇ ಪ್ರಧಾನ ವಿದ್ಯೆಯಾಗಿ ಕಲಿಸುವ ಸಂಕಲ್ಪವು ಅಪೂರ್ವವಾದುದು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳನ್ನು ಒಂದುಗೂಡಿಸಿ, ಗಾಯಕನ ಹಿಂದೆ ನಡೆಯದೆ ತಾವೇ ಒಂದು ಕೃತಿಯಾಗಿ ನಿಲ್ಲುವಂತೆ ಅವರು ರಚಿಸಿದ ವಾದ್ಯವೃಂದವೇ ತಾಳತರಂಗಿಣಿ.

ಇಂತಹ ರಚನೆಗೆ ಆಧಾರ ಕೊನ್ನಕ್ಕೋಲು, ಎಂದರೆ ಸೊಲ್ಲುಗಳನ್ನು ಬಾಯಿಯಿಂದ ನುಡಿಯುತ್ತ ಕೈಯಲ್ಲಿ ತಾಳ ಹಾಕುವ ಕ್ರಮ. ಆದಿತಾಳದ ಆವರ್ತಕ್ಕೆ 8 ಅಕ್ಷರಗಳು. ಪ್ರತಿಯೊಂದಕ್ಕೆ 'ತಕಧಿಮಿ' ಎಂದು ನಾಲ್ಕು ಮಾತ್ರೆಗಳನ್ನು ತುಂಬಿದರೆ 32. 'ತಕತಕಿಟ' ಎಂದು ಐದನ್ನು ತುಂಬಿದರೆ 40. ಕೈಯ ತಾಳ ಕದಲದು, ಬಾಯಿಯ ನಡೆ ಬದಲಾಗುವುದು. ಈ ಪಾಠಕ್ಕೆ ವಾದ್ಯದ ವೆಚ್ಚವಿಲ್ಲ. ಜಾತ್ರೆಯಲ್ಲಿ ಪುರವಂತರ ಸಂಬಾಳವನ್ನೂ ಹಲಗೆಯ ಪೆಟ್ಟನ್ನೂ ಕೇಳಿ ಬೆಳೆದ ಮಣ್ಣೂರ ಸೀಮೆಯ ಬಡ ಬಾಲಕನಿಗೆ ಇದನ್ನು ಕಲಿಸಲು ಒಬ್ಬ ಬಲ್ಲ ಗುರು ಸಾಕು.

ಮಣಿಯವರ ಪತ್ನಿ, ಗಾಯಕಿ ಆರ್.ಎ. ರಮಾಮಣಿಯವರು ಈ ಸಾಧನೆಯಲ್ಲಿ ಸಮಪಾಲಿನವರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಈ ತಂಡವು ಜರ್ಮನಿಯಲ್ಲಿ ನುಡಿಸಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆ 1983ರದು. ಪಾಶ್ಚಾತ್ಯ ಜಾಝ್ ಸಂಗೀತದೊಡನೆ ಬೆರೆತರೂ ಸೊಲ್ಲಿನ ಶುದ್ಧಿಯನ್ನು ಬಿಟ್ಟುಕೊಡದಿದ್ದುದೇ ಅದರ ಹಿರಿಮೆ.

ಅದೇ ಬೆಂಗಳೂರಿನಲ್ಲಿ ಕೊಳಲು ಬಲ್ಲ ಎಂಜಿನಿಯರ್ ಜಿ. ರಾಜನಾರಾಯಣರು ವಿದ್ಯುನ್ಮಾನ ತಂಬೂರಿಯನ್ನೂ ತಬಲವನ್ನೂ ನಿರ್ಮಿಸಿದರು. ಒಂಟಿಯಾಗಿ ಸಾಧನೆ ಮಾಡುವವರಿಗೆ ಅದು ಮಹದುಪಕಾರ. ಆದರೆ ಆ ಯಂತ್ರವು ಎಣಿಕೆಯಲ್ಲಿ ತಪ್ಪದಿದ್ದರೂ ಗಾಯಕನು ಉಸಿರೆಳೆದುಕೊಂಡನೆಂದು ತಾನು ತಡೆದು ನಿಲ್ಲದು. ಆ ತಡೆಯನ್ನು ಗುರುವಿನ ಎದುರಿಗೆ ಕುಳಿತೇ ಕಲಿಯಬೇಕು.

ಮಣಿಯವರು 2020ರಲ್ಲಿ ಬೆಂಗಳೂರಿನಲ್ಲಿ ನಾದೈಕ್ಯರಾದರು.